ಡ್ಯೂಟಿ ಸೀರೆ

ವಾರದಲ್ಲಿ ಆರು ದಿನ ಯಶೋಧಾ ಉಡುವ ಸೀರೆಯನ್ನು ಆರಿಸುವುದು ಯಶೋಧಾ ಅಲ್ಲ, ಅವಳು ಕೆಲಸ ಮಾಡುವ ಹೆಬ್ಬಾಳದ ಆಸ್ಪತ್ರೆ. ಬೂದು ಮೈ, ಗುಲಾಬಿ ಅಂಚು, ಎಡಭುಜದ ಮೇಲೆ ಮಡಿಕೆ ಹಿಡಿದು ಪಿನ್ನು. ರಿಸೆಪ್ಷನ್ನಿನಲ್ಲಿ ಕೂತವರೆಲ್ಲ ಹೀಗೇ ಇರಬೇಕು. ಹಾಗಾಗಿ ಭಾನುವಾರವೆಂದರೆ ಅವಳಿಗೆ ಪ್ರಾಣ. ಅವತ್ತಿನ ಬಣ್ಣ ಅವಳದು, ಸೆರಗನ್ನು ಇಳಿಬಿಡುವುದೋ ಸಿಕ್ಕಿಸುವುದೋ ಅವಳಿಷ್ಟ. ಇಂದು ಎಂಬ ಹೆಸರಿನ ಅವಳ ಓರಗಿತ್ತಿ ಕೊಡಿಗೇಹಳ್ಳಿಯಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆಂದು ಯಶೋಧಾ ಗಿಳಿಹಸಿರಿನ ರೇಷ್ಮೆ ಸೀರೆಯೊಂದನ್ನು ತಂದಿಟ್ಟಿದ್ದಳು. ಹೋಗ್ತಾ ಬರ್ತಾ ಬೀರು ತೆಗೆದು ನೋಡುವಳು. ಗಂಡನ ಮನೆತನದಲ್ಲಿ ಎಲ್ಲರ ಕಣ್ಣೂ ಇಂದುವಿನ ಮೇಲೆಯೇ. ಒಂದು ದಿನವಾದರೂ ತನ್ನನ್ನೂ ಈ ಮನೆ ಸೊಸೆ ಎಂದು ನಾಲ್ಕು ಜನ ನೋಡಲಿ ಎಂಬ ಆಸೆ. ಆಸೆಪಟ್ಟರೆ ತಪ್ಪೇನು ಹೇಳಿ?

ಎಲ್ಲ ಕೆಟ್ಟಿದ್ದು ಒಂದು ಹೊಗಳಿಕೆಯಿಂದ. ಒಂದು ಸಂಜೆ ಡ್ಯೂಟಿ ಮುಗಿಸಿ, ಬ್ಯಾಡ್ಜನ್ನು ಬ್ಯಾಗಿಗೆ ಹಾಕಿ, ನೇರ ಇಂದುವಿನ ಮನೆಗೆ ಹೋಗಿದ್ದಳು. ಇಂದು ಅವಳ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿ, "ಎಷ್ಟ್ ಡೀಸೆಂಟಾಗಿದೆ ಕಣೇ! ಎಲ್ಲಿ ತಗೊಂಡೆ?" ಎಂದಳು.

ಮದುವೆಯಾದಾಗಿನಿಂದ ಇಂದು ಅವಳ ಮೈಮೇಲಿನದನ್ನು ಮೆಚ್ಚಿದ್ದು ಅದೇ ಮೊದಲು. ಇದು ಯೂನಿಫಾರಂ ಎನ್ನಲು ಯಶೋಧಾಗೆ ಬಾಯಿ ಬರಲಿಲ್ಲ.

"ಚಿಕ್ಕಪೇಟೆಲಿ ಅಕ್ಕಾ."

ಇಂದು ಅಂಚಿನ ಫೋಟೊ ತೆಗೆದುಕೊಂಡಳು. ಯಾಕೆಂದು ಆಗ ಹೊಳೆಯಲಿಲ್ಲ. ಈಗಿನ ಫಂಕ್ಷನ್ನುಗಳಲ್ಲಿ ಮನೆಯ ಹೆಂಗಸರೆಲ್ಲ ಒಂದೇ ತರದ ಸೀರೆ ಉಡಬೇಕು, ಇಲ್ಲದಿದ್ದರೆ ಆ ಮನೆಯಲ್ಲಿ ಒಗ್ಗಟ್ಟೇ ಇಲ್ಲವೆಂದು ಜನ ಆಡಿಕೊಳ್ಳುತ್ತಾರೆ. ಕೆಲವೇ ದಿನಕ್ಕೆ ಇಂದುವಿನಿಂದ ಅರಿಶಿನ ಕುಂಕುಮದ ಜೊತೆ ಒಂದು ಕವರು ಯಲಹಂಕದ ಯಶೋಧಾ ಮನೆಗೆ ಬಂತು. ಬಿಚ್ಚಿದರೆ, ಬೂದು ಮೈ, ಗುಲಾಬಿ ಅಂಚು.

ಬ್ಲೌಸ್ ಹೊಲಿಯುವ ಮಲ್ಕಾ ಬಟ್ಟೆ ನೋಡಿದವಳೇ ನಕ್ಕಳು. "ಅಕ್ಕಾ, ಇದು ನಿಮ್ ಡ್ಯೂಟಿ ಸೀರೆ ಅಲ್ವಾ? ಇದಕ್ಕೂ ಎಂಬ್ರಾಯ್ಡರಿನಾ?"

"ಹಾಕು ಮಲ್ಕಾ. ತೋಳ್ತುಂಬ ಹಾಕು." ಜರಿ ಹೂವು ನೋಡಿಯಾದರೂ ಜನ ಬೇರೆ ಸೀರೆ ಅಂದುಕೊಳ್ಳಲಿ ಎಂಬುದು ಯಶೋಧಾಳ ಲೆಕ್ಕಾಚಾರ.

ಗಂಡ ಮಹೇಂದ್ರನ ಹತ್ತಿರವೂ ಹೇಳಿಕೊಂಡಳು. "ಈಗ್ ಹೇಳಿದ್ರೆ ಅತ್ತಿಗೆ ಮುಖ ಎಲ್ಲಿಟ್ಕೋತಾರೆ? ಎಲ್ಲಾರ್ಗೂ ತಂದಾಗಿದೆ. ಒಂದಿನ ತಾನೆ, ಉಟ್ಕೊ," ಎಂದು ಅವನು ಮೊಬೈಲಿಗೆ ಮುಖ ತಿರುಗಿಸಿದ. ಅವನಿಗೇನು, ಬಿಳಿ ಅಂಗಿ ಬಿಳಿ ಪಂಚೆಯಾದರೆ ಮುಗಿಯಿತು.

ಭಾನುವಾರ ಹೊಸ ಮನೆಯ ಬಾಗಿಲಲ್ಲಿ ಮನೆಯ ಹೆಂಗಸರು ಬೂದು ಸೀರೆಯಲ್ಲಿ ಸಾಲಾಗಿ ನಿಂತು ಪನ್ನೀರು ಚಿಮುಕಿಸುತ್ತಿದ್ದರು. ಯಶೋಧಾಗೂ ಒಂದು ಘಳಿಗೆ ಹಿತವೆನಿಸಿತು. ಎಲ್ಲರೂ ಒಂದೇ ಅಲ್ಲವೇ, ಯಾರಿಗೆ ಗೊತ್ತಾಗುತ್ತೆ? ಅಷ್ಟರಲ್ಲಿ ಊರಿನ ಹಿರಿಯ ಬ್ಯಾಟರಾಯಪ್ಪ ಕೋಲೂರಿಕೊಂಡು ಬಂದ. ಮೊನ್ನೆ ಮೊನ್ನೆ ಮಂಡಿನೋವಿಗೆ ಅದೇ ಆಸ್ಪತ್ರೆಗೆ ಬಂದುಹೋದವನು.

"ಏನವ್ವಾ ಇಂದು, ಆಸ್ಪತ್ರೆಯೋರ್ನೆಲ್ಲಾ ಇಲ್ಲಿಗೇ ಕರ್ಸಿಬುಟ್ಟಿದೀಯಲ್ಲ! ಈ ಉಡುಗಿನೇ ನಂಗೆ ಚೀಟಿ ಬರ್ಕೊಟ್ಟಿದ್ದು!" ಎಂದು ಯಶೋಧಾ ಕಡೆ ಕೋಲು ತೋರಿಸಿದ.

ಅವನು ಕುಹಕದಿಂದ ಆಡಿದ್ದಲ್ಲ. ಆದರೂ ಸುತ್ತಲಿದ್ದವರು ಕಿಸಕ್ಕೆಂದರು. ಇಂದುವಿನ ಮುಖ ಕಪ್ಪಿಟ್ಟಿತು. "ಇದು ನಿನ್ ಯೂನಿಫಾರಮ್ಮಾ?"

"ಹೂಂ ಅಕ್ಕಾ..."

"ಬಾಯ್ಬಿಟ್ಟು ಹೇಳಕ್ಕಾಗ್ಲಿಲ್ವಾ ನಿಂಗೆ?"

ಏನು ಹೇಳುವುದು? ನೀನು ಚೆನ್ನಾಗಿದೆ ಅಂದೆ, ಅದಕ್ಕೇ ಹೇಳಲಿಲ್ಲ ಎನ್ನುವುದೇ?

ಇಂದು ಬಿರಬಿರನೆ ಒಳಗೆ ಹೋದಳು. ಊಟದ ಹೊತ್ತಿಗೆಂದು ಎಲ್ಲರೂ ಇನ್ನೊಂದು ಸೀರೆ ತಂದಿದ್ದರು. ಒಬ್ಬೊಬ್ಬರೇ ಮಹಡಿ ಹತ್ತಿ, ನೇರಳೆ, ಕೆಂಪು, ಅರಿಶಿನ ಬಣ್ಣದಲ್ಲಿ ಇಳಿದು ಬಂದರು. ಯಶೋಧಾಳ ಹಸಿರು ಸೀರೆ ಯಲಹಂಕದ ಬೀರುವಿನಲ್ಲಿತ್ತು. "ಎರಡೆರಡು ಯಾಕೆ" ಎಂದಿದ್ದ ಮಹೇಂದ್ರ ಮೇಲಿನ ಮಹಡಿಯಲ್ಲಿ ಊಟ ಬಡಿಸುತ್ತಿದ್ದ. ಅವಳೊಬ್ಬಳೇ ಬೂದು ಬಣ್ಣದಲ್ಲಿ ಬಾಗಿಲ ಬಳಿ ಉಳಿದಳು. ಬಂದವರು ಊಟ ಎಲ್ಲಿ, ಲಿಫ್ಟ್ ಎಲ್ಲಿ ಎಂದು ಅವಳನ್ನೇ ಕೇಳಿದರು. ತೋರಿಸಿದಳು. ಮುಖ ರಿಸೆಪ್ಷನ್ನಿನ ನಗು ನಗುತ್ತಿತ್ತು.

"ಫ್ಯಾಮಿಲಿ ಲೇಡೀಸ್ ಎಲ್ಲಾ ಬನ್ನಿ!" ಫೋಟೊದವನು ಕೂಗಿದ. ಅತ್ತೆಯ ಅಕ್ಕಪಕ್ಕ ಎಲ್ಲರೂ ನಿಂತರು. ಯಶೋಧಾ ಹೋಗಿ ಸಾಲಿನ ತುದಿಗೆ ಸೇರಿ, ತೋಳಿನ ಜರಿ ಕಾಣಲೆಂದು ಸೆರಗು ಸರಿಮಾಡಿಕೊಂಡಳು. ಅವನು ಕ್ಯಾಮರಾ ಇಳಿಸಿದ.

"ಮೇಡಂ, ನೀವ್ ಸ್ವಲ್ಪ ಸೈಡಿಗೆ ಬನ್ನಿ. ಇದು ಮನೆಯವ್ರದ್ದು."

ಯಶೋಧಾ ಇಂದುವಿನ ಕಡೆ ನೋಡಿದಳು. ಇಂದು ಕ್ಯಾಮರಾ ನೋಡುತ್ತಿದ್ದಳು.

"ಸಾರಿ ಸರ್," ಎಂದು ಯಶೋಧಾ ಪಕ್ಕಕ್ಕೆ ಸರಿದಳು.