ನಾಯಕಿಯ ಕಿವಿ

ಸಿನಿಮಾ ಮುಗಿದು ದೀಪ ಹತ್ತಿದಾಗ ಇಡೀ ಥಿಯೇಟರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಏಳದೆ, ಚಪ್ಪಾಳೆಯನ್ನೂ ತಟ್ಟದೆ, ಮುಖ ಗಂಟಿಕ್ಕಿಕೊಂಡು ಕೂತಿದ್ದವಳು ಒಬ್ಬಳೇ, ಕುಸ್ತಿ ಮೇಡಂ. ಹೆಣ್ಣುಮಕ್ಕಳ ಕುಸ್ತಿಯ ಬಗ್ಗೆ ತೆಗೆದ ಆ ಸಿನಿಮಾಕ್ಕೆ ಬಂದಿದ್ದ ಅಷ್ಟು ಜನರಲ್ಲಿ ಕುಸ್ತಿ ಆಡಿ ಗೊತ್ತಿದ್ದ ದೊಡ್ಡವಳೆಂದರೆ ಅವಳೇ. ಹದಿನಾರು ವರ್ಷ ತಾನು ಆಡಿ, ಈಗ ಎಂಟು ವರ್ಷದಿಂದ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದಳು.

"ಸೋತಳಲ್ರೀ ಅವಳು!" ಎಂದಳು, ಪಕ್ಕದ ಸೀಟಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸಿಗೆ.

"ಯಾರು?"

"ನಾಯಕಿ! ಎದುರಾಳೀನ ಎತ್ತಿ ಹಿಂದಕ್ಕೆ ಎಸೆಯುವಾಗ ಇವಳ ಎರಡು ಭುಜಾನೂ ಮ್ಯಾಟಿಗೆ ಅಂಟಿಕೊಂಡಿತ್ತು. ಭುಜ ಅಂಟಿದ್ರೆ ಚಿತ್. ಆಟ ಅಲ್ಲಿಗೇ ಮುಗೀತು. ಅದನ್ನ ನಾಲ್ಕು ಸಲ ನಿಧಾನವಾಗಿ ಬೇರೆ ತೋರಿಸಿದ್ರಲ್ಲ!"

ಆ ಹೆಂಗಸು ಒದ್ದೆ ಕಣ್ಣಿನಿಂದಲೇ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಮಕ್ಕಳಿಲ್ವಾ?" ಎಂದು ಕೇಳಿ ಎದ್ದು ಹೋದಳು.

ಮೇಡಂಗೆ ಮೈಯೆಲ್ಲ ಉರಿಯಿತು. ಆದರೆ ಉರಿದುಕೊಂಡು ಕೂರುವ ಹೊತ್ತಲ್ಲ ಅದು. ಬ್ಯಾಗಿನಲ್ಲಿ ಒಂದು ಅರ್ಜಿ ಇತ್ತು. ಅದು ಆ ದಿನ ಸಂಜೆ ಆರರೊಳಗೆ ಕ್ರೀಡಾ ಕಚೇರಿಯ ಮೇಜಿನ ಮೇಲಿರಬೇಕಿತ್ತು. ಅರ್ಜಿಯಲ್ಲಿ ಎಲ್ಲ ತುಂಬಿತ್ತು, ಪಾಲಕರ ಸಹಿ ಒಂದು ಬಿಟ್ಟು. ಅದು ಕುಸ್ತಿ ಆಯ್ಕೆಯ ಪಂದ್ಯಕ್ಕೆ ಗುಬ್ಬಿಯ ಅರ್ಜಿ. ಹದಿನಾಲ್ಕು ವರ್ಷದ, ನಲವತ್ತಾರು ಕೆಜಿಯ ಈ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವರು ಅವಳ ಕೈಗೆ ಸಿಕ್ಕಿ ನೆಲ ಕಚ್ಚುವ ಮುಂಚೆ ಇಟ್ಟಿರಬೇಕು. ಎಂಟು ವರ್ಷದಲ್ಲಿ ಮೇಡಂ ಕೈಗೆ ಬಂದ ಹುಡುಗಿಯರಲ್ಲಿ ಇಂಥವಳು ಇನ್ನೊಬ್ಬಳಿರಲಿಲ್ಲ. ಆಯ್ಕೆಯ ಪಂದ್ಯ ತಪ್ಪಿದರೆ ಇನ್ನೆರಡು ವರ್ಷ ಕಾಯಬೇಕು, ಅಷ್ಟರಲ್ಲಿ ಎಷ್ಟು ಹುಡುಗಿಯರು ಹೊಲಿಗೆ ಕ್ಲಾಸಿಗೋ ಅಡುಗೆಮನೆಗೋ ಹೋಗಿ ಸೇರಿದ್ದರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುಬ್ಬಿಯ ಅಪ್ಪನದು ಮಾರ್ಕೆಟ್ ತಿರುವಿನಲ್ಲಿ ಕಟಿಂಗ್ ಶಾಪ್. ಬೇಡ ಎನ್ನುವ ಮನುಷ್ಯನಲ್ಲ, ಹೂಂ ಎನ್ನುವ ಮನುಷ್ಯನೂ ಅಲ್ಲ. ಮೂರು ವಾರದಿಂದ ಅರ್ಜಿಯ ಮಾತೆತ್ತಿದಾಗಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣ" ಎನ್ನುತ್ತಿದ್ದ. ಬೈದರೆ ತಿರುಗಿ ಬೈಯಬಹುದು, ವಾದ ಮಾಡಿದರೆ ಪಟ್ಟು ಹಾಕಬಹುದು, "ನೋಡೋಣ" ಎನ್ನುವವನನ್ನು ಎಲ್ಲಿ ಹಿಡಿಯುವುದು? ಅಷ್ಟರಲ್ಲಿ ಈ ಸಿನಿಮಾ ಬಂತು. ತನ್ನ ಮಾತಿಗೆ ಕರಗದವನು ಹಾಡಿಗಾದರೂ ಕರಗಲಿ ಎಂದು ಮೇಡಂ ಮಾರ್ನಿಂಗ್ ಶೋಗೆ ಟಿಕೆಟ್ ತೆಗೆಸಿ, ಅಪ್ಪ ಮಗಳಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ತಾನು ಮನೆಯಿಂದ ಹೊರಡುವಾಗ ಕೂದಲನ್ನು ಎರಡೂ ಕಿವಿ ಮುಚ್ಚುವಂತೆ ಇಳಿಬಿಟ್ಟು ಹಿಂದೆ ಕ್ಲಿಪ್ ಹಾಕಿಕೊಂಡಿದ್ದಳು. ಮಕ್ಕಳ ಮನೆಯವರ ಎದುರು ಹೋಗುವಾಗ ಅವಳು ಹಾಗೆ ಬಾಚಿಕೊಳ್ಳುವುದು ಇವತ್ತು ನಿನ್ನೆಯದಲ್ಲ.

ಹೊರಗೆ ಬಂದರೆ ಬಾಗಿಲ ಹತ್ತಿರ ಜಾತ್ರೆಯಂಥ ಗದ್ದಲ. ಒಳಗೆ ಎರಡೂವರೆ ಗಂಟೆ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಈಗ ಬಡ್ಡಿ ಸಮೇತ ಬಾಯಿ ಬಿಟ್ಟಿದ್ದರು. ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು "ಹೇಗಿದೆ ಸಿನಿಮಾ? ಒಂದೇ ಮಾತಲ್ಲಿ ಹೇಳಿ!" ಎಂದು ಸಿಕ್ಕಸಿಕ್ಕವರ ಮುಖಕ್ಕೆ ಮೈಕ್ ಹಿಡಿಯುತ್ತಿದ್ದಳು.

"ಸಂದೇಶ ಇದೆ," ಎಂದರು ಒಬ್ಬ ರಿಟೈರ್ಡ್ ಮೇಷ್ಟ್ರು. "ಪ್ರತಿ ಶಾಲೆಯಲ್ಲೂ ತೋರಿಸಬೇಕು." ಇಂಟರ್‌ವಲ್ ಆದಮೇಲೆ ಅವರು ಹೊಡೆದ ಗೊರಕೆ ಮೇಡಂ ಕೂತ ಸಾಲಿನವರೆಗೆ ಕೇಳಿತ್ತು.

"ನಾಯಕಿ ಈ ಸಿನಿಮಾಕ್ಕೆ ಎಂಟು ಕೆಜಿ ಜಾಸ್ತಿ ಮಾಡ್ಕೊಂಡ್ಳಂತೆ. ಏನ್ ತ್ಯಾಗ ಗುರೂ!" ಎಂದ ಒಬ್ಬ ಯುವಕ. ತನ್ನ ಹುಡುಗಿಯರು ತೂಕದ ದಿನ ಹತ್ತಿರ ಬಂದಾಗ ಎರಡು ಕೆಜಿ ಇಳಿಸಲು ನೀರನ್ನೂ ಅಳೆದು ಕುಡಿಯುವುದು ಮೇಡಂಗೆ ನೆನಪಾಯಿತು. ಅದನ್ನು ತ್ಯಾಗ ಎಂದು ಕರೆದವರು ಯಾರೂ ಇರಲಿಲ್ಲ.

"ಬಟ್ಟೆ ತಪ್ಪು," ಎಂದ ಒಬ್ಬ ಟೈಲರ್. "ಕಂಕುಳಲ್ಲಿ ಆ ಹೊಲಿಗೆ ಹಾಕಿದ್ರೆ ಒಂದು ಸಲ ಕೈ ಎತ್ತೋದ್ರಲ್ಲಿ ಬಿಚ್ಚಿಹೋಗುತ್ತೆ."

"ಕೊನೇಗೂ ಅದಕ್ಕೆ ಮದುವೆ ಆಯ್ತೋ ಇಲ್ವೋ ತೋರಿಸ್ಲೇ ಇಲ್ಲ," ಎಂದು ಒಬ್ಬ ಅಜ್ಜಿ ನೊಂದುಕೊಂಡರು.

"ಸಿನಿಮಾದಲ್ಲಿ ನೋಡೋಕೆ ಚೆನ್ನಾಗಿರುತ್ತೆ," ಎಂದ ಪಾಪ್‌ಕಾರ್ನ್ ಮೆಲ್ಲುತ್ತಿದ್ದ ದಪ್ಪ ಮನುಷ್ಯ. "ನಮ್ಮನೆ ಹುಡುಗೀರಿಗೆಲ್ಲ ಬೇಡಪ್ಪ." ಇದನ್ನು ಅವನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಎಡಬಲಕ್ಕೆ ನಿಲ್ಲಿಸಿಕೊಂಡೇ ಹೇಳಿದ.

ಮೈಕು ಮೇಡಂ ಕಡೆಗೂ ಬಂತು. ಅವಳು ಇದಕ್ಕೇ ಕಾಯುತ್ತಿದ್ದವಳಂತೆ ಶುರು ಮಾಡಿದಳು. "ನೋಡಮ್ಮ, ಕೊನೆಯ ಪಂದ್ಯದಲ್ಲಿ ನಾಯಕಿ ಸೋತಿದ್ದಾಳೆ. ಎರಡೂ ಭುಜ..."

"ಮೇಡಂ, ಪಾಸಿಟಿವ್ ಆಗಿ ಏನಾದ್ರೂ ಹೇಳಿ."

"ಪಾಸಿಟಿವ್ ಆಗಿ ಹೇಳ್ಬೇಕಂದ್ರೆ, ಎದುರಾಳಿ ಗೆದ್ದಿದ್ದಾಳೆ!"

ಮೈಕು ಮುಂದಕ್ಕೆ ಹೋಯಿತು. ತಲೆ ಚಚ್ಚಿಕೊಳ್ಳಬೇಕೆನಿಸಿತು ಅವಳಿಗೆ. ಇಷ್ಟು ಜನಕ್ಕೆ ಕಣ್ಣಿದೆ, ಒಬ್ಬರಿಗೂ ಕಾಣಿಸಲಿಲ್ಲವಲ್ಲ! ಅಷ್ಟರಲ್ಲಿ ಮೈಕಿಗೆ ಸಿಕ್ಕವನು ಗುಬ್ಬಿಯ ಅಪ್ಪ. ಮೇಡಂ ಎರಡು ಹೆಜ್ಜೆ ಹತ್ತಿರ ಬಂದಳು.

"ಹೇಗಿತ್ತು ಸರ್?"

"ಕಿವಿ ಸುಳ್ಳು," ಎಂದ.

"ಅಂದ್ರೆ?"

"ಆ ಹುಡುಗಿ ಚಿಕ್ಕಂದಿನಿಂದ ಕುಸ್ತಿ ಆಡಿದಾಳೆ ಅಂತ ತೋರಿಸ್ತಾರೆ. ಕಿವಿ ಮಾತ್ರ ಹುಟ್ಟಿದ ಮಗೂದಿದ್ದ ಹಾಗಿದೆ. ಅದು ಸುಳ್ಳು." ಅಷ್ಟು ಹೇಳಿ, ಮೇಡಂ ಕಡೆ ಒಂದು ಸಲ ನೋಡಿ, ಮಗಳನ್ನು ಕರೆದುಕೊಂಡು ನಡೆದುಬಿಟ್ಟ.

ಸುತ್ತಲಿದ್ದವರು ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಭುಜ, ಭುಜ ಎಂದು ಬಡಕೊಳ್ಳುತ್ತಿದ್ದ ಅವಳಿಗೇ ಆ ಕಿವಿ ಕಂಡಿರಲಿಲ್ಲ. ಎರಡೂವರೆ ಗಂಟೆ ಪರದೆಯ ತುಂಬ ಇದ್ದ ಕಿವಿ!

ಮೂರು ವಾರದ ಕೆಳಗೆ ಅಭ್ಯಾಸದಲ್ಲಿ ಗುಬ್ಬಿಯ ಎಡಗಿವಿ ಮ್ಯಾಟಿಗೆ ಉಜ್ಜಿ ಊದಿಕೊಂಡಿತ್ತು. ಕುಸ್ತಿಯವರಿಗೆ ಇದು ಹೊಸದಲ್ಲ. ಒಳಗೆ ರಕ್ತ ಕಟ್ಟಿಕೊಂಡು, ಹಾಗೇ ಬಿಟ್ಟರೆ ಗಟ್ಟಿಯಾಗಿ, ಕಿವಿ ಮುದುಡಿದ ಹಿಟ್ಟಿನ ಮುದ್ದೆಯಂತಾಗುತ್ತದೆ. ಮೇಡಂ ಅದೇ ದಿನ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಆ ರಕ್ತ ತೆಗೆಸಿದ್ದಳು, ತಲೆಗೆ ಕಿವಿ ಕಾಪಾಡುವ ಪಟ್ಟಿಯನ್ನೂ ತಂದುಕೊಟ್ಟಿದ್ದಳು. ಅಷ್ಟರವರೆಗೆ ಎಲ್ಲ ಸರಿ. ಆಮೇಲೆ ಹೇಳಿದ್ದು ಒಂದು ಮಾತು: "ಮನೇಲಿ ಸದ್ಯಕ್ಕೆ ಹೇಳ್ಬೇಡ. ಅರ್ಜಿಗೆ ಸಹಿ ಆಗ್ಲಿ. ಅಲ್ಲೀತನಕ ಕೂದಲು ಬಿಟ್ಕೋ."

ನಾಲ್ಕು ಗಂಟೆಗೆ ಅವಳು ಕಟಿಂಗ್ ಶಾಪಿನ ಮೆಟ್ಟಿಲು ಹತ್ತಿದಳು. ಒಂದೇ ಕುರ್ಚಿ, ಉದ್ದನೆಯ ಕನ್ನಡಿ, ಕನ್ನಡಿಯ ಕೆಳಗೆ ಸಾಲಾಗಿ ಕತ್ತರಿ, ಬಾಚಣಿಗೆ, ನೀರು ಚಿಮುಕಿಸುವ ಬಾಟಲಿ. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಪೇಪರ್ ಹಂಚಿಕೊಂಡು ಓದುತ್ತಿದ್ದರು. ಗುಬ್ಬಿ ಮೂಲೆಯಲ್ಲಿ ಟವೆಲು ಮಡಚುತ್ತಿದ್ದಳು. ಮೇಡಂ ಕಣ್ಣಿಗೆ ಬಿದ್ದದ್ದೇ ಕೈ ಎಡಗಿವಿಯ ಮೇಲಿನ ಕೂದಲಿಗೆ ಹೋಯಿತು.

"ಅಣ್ಣ, ಆರು ಗಂಟೆಗೆ ಕಚೇರಿ ಮುಚ್ತಾರೆ," ಎಂದು ಮೇಡಂ ಅರ್ಜಿ ಚಾಚಿದಳು.

ಅವನು ಅದನ್ನು ಇಸಿದುಕೊಂಡು, ಕನ್ನಡಿಯ ಮುಂದಿಟ್ಟು ನಿಧಾನವಾಗಿ ಓದಿದ. ಒಂದು ಕಡೆ ಬೆರಳಿಟ್ಟ. "ಇಲ್ಲಿ ಕೇಳಿದಾರೆ, ಗಾಯಗಳೇನಾದರೂ ಇದ್ದಲ್ಲಿ ವಿವರ. ನೀವು ಇಲ್ಲ ಅಂತ ಬರೆದಿದೀರಿ."

ಮೇಡಂ ಗುಬ್ಬಿಯ ಕಡೆ ನೋಡಿದಳು.

"ಹುಟ್ಟಿದಾಗಿಂದ ಈ ಹುಡುಗಿ ತಲೆಗೆ ಬೇರೆಯವರ ಕತ್ತರಿ ಮುಟ್ಟಿಲ್ಲಮ್ಮ. ತಿಂಗಳಿಗೊಂದ್ಸಲ ಈ ಕುರ್ಚಿ ಮೇಲೆ ಕೂರ್ತಾಳೆ. ಈ ಸಲ ಬೇಡ ಅಪ್ಪ, ಬೆಳೆಸ್ತೀನಿ ಅಂದ್ಲು. ನಾನು ದಿನಕ್ಕೆ ಮೂವತ್ತು ಜನರ ಕಿವಿ ಮಡಚಿ ಕೆಲಸ ಮಾಡೋನು. ಮಲಗಿದ್ದಾಗ ಕೂದಲು ಸರಿಸಿ ನೋಡ್ದೆ. ಆಮೇಲೆ ಸುಮ್ನಿದ್ದೆ. ಮೂರು ವಾರ. ಇವಳು ಹೇಳ್ತಾಳೋ, ನೀವು ಹೇಳ್ತೀರೋ, ನೋಡೋಣ ಅಂತ."

ಅವಳು ಮೂರು ವಾರ ಹಲ್ಲು ಕಚ್ಚಿ ಬೈದುಕೊಂಡ "ನೋಡೋಣ" ಅದಾಗಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ಕೋಪ ಅವಳ ಮೂಗಿನ ತುದಿಯಲ್ಲಿರುವುದು, ನಾಚಿಕೆಯಾದಾಗಲೂ ಮೊದಲು ಹೊರಗೆ ಬರುವುದು ಅದೇ.

"ಹೇಳಿದ್ರೆ ಏನಾಗ್ತಿತ್ತು ಗೊತ್ತಾ ಅಣ್ಣ? ಎಂಟು ವರ್ಷದಿಂದ ನೋಡ್ತಿದೀನಿ. ಕಿವಿ ನೋಡಿದ ದಿನಾನೇ ಮಗಳನ್ನ ಬಿಡಿಸ್ತಾರೆ. ಯಾರು ಕಟ್ಕೋತಾರೆ ಇವಳನ್ನ ಅಂತಾರೆ. ಕಾಲು ಮುರೀಲಿ, ಹಲ್ಲು ಉದುರ್ಲಿ, ಅದಕ್ಕೆ ಯಾರೂ ಏನೂ ಅನ್ನಲ್ಲ. ಕಿವಿ! ಐದು ಹುಡುಗೀರು ಹೋದ್ರು ನನಗೆ, ಬರೀ ಕಿವಿಗೆ!"

"ನಾನು ಬಿಡಿಸ್ತೀನಿ ಅಂದ್ನಾ?"

"ಅನ್ಲಿಲ್ಲ."

"ಮತ್ತೆ? ಕೇಳ್ದೇನೆ ನನ್ನ ಉತ್ತರ ನೀವೇ ಬರ್ಕೊಂಡ್ರಾ?"

ಪೇಪರ್ ಓದುತ್ತಿದ್ದವರಲ್ಲಿ ಒಬ್ಬ, "ಹೆಣ್ಮಕ್ಕಳ ವಿಷಯ ಅಂದ್ರೆ ಹಾಗೇ..." ಎಂದು ಅಭಿಪ್ರಾಯ ಶುರುಮಾಡಿದ. ಅಪ್ಪನೂ ಮೇಡಂ ಕೂಡ ಒಟ್ಟಿಗೆ ತಿರುಗಿ ನೋಡಿದ ರೀತಿಗೆ ಅವನು ಪೇಪರನ್ನು ಮುಖದವರೆಗೆ ಎತ್ತಿಕೊಂಡ.

ಅಪ್ಪ ಕುರ್ಚಿಯ ಮೇಲಿನ ಕೂದಲನ್ನು ಟವೆಲಿನಿಂದ ಕೊಡವಿದ. "ಕೂತ್ಕೊಳ್ಳಿ."

"ನಾನಾ?"

"ಸಿನಿಮಾದವರಿಗೆ ಕಿವಿ ಮುಚ್ಚಿಡೋ ಕಷ್ಟ ಇರ್ಲಿಲ್ಲ. ನಿಮಗಿದೆ. ಅದೆಷ್ಟು ಕ್ಲಿಪ್ಪು ಹಾಕಿದ್ರೂ ಗೊತ್ತಾಗುತ್ತಮ್ಮ, ಇದು ನನ್ನ ಕಸುಬು. ನನ್ನ ಮಗಳ ಕಿವಿ ಮುಂದೆ ಹೇಗಾಗುತ್ತೆ ಅಂತ ನಾನು ನೋಡ್ಬೇಕು. ಕೂತ್ಕೊಳ್ಳಿ."

ಅವಳು ಕೂತಳು. ಅವನು ಕ್ಲಿಪ್ ತೆಗೆದು, ಎರಡು ಬೆರಳಿನಿಂದ ತಲೆ ವಾಲಿಸಿ, ಕೂದಲು ಸರಿಸಿದ. ಎರಡೂ ಕಿವಿ ಗಂಟುಗಂಟಾಗಿ, ಒಳಮಡಿಕೆಗಳೇ ಇಲ್ಲದೆ ಮುಚ್ಚಿಕೊಂಡಿದ್ದವು. ಗುಬ್ಬಿ ಟವೆಲು ಬಿಟ್ಟು ಹತ್ತಿರ ಬಂದು ನೋಡಿದಳು. ಎಂಟು ವರ್ಷದಲ್ಲಿ ಯಾವ ಶಿಷ್ಯೆಗೂ ಮೇಡಂ ಇಷ್ಟು ಹತ್ತಿರದಿಂದ ತೋರಿಸಿದ್ದಿಲ್ಲ.

"ನೋವಾಗುತ್ತಾ?" ಎಂದು ಅಪ್ಪ ಕೇಳಿದ.

"ಈಗಿಲ್ಲ. ಚಳಿಗಾಲದಲ್ಲಿ ಸ್ವಲ್ಪ. ಇಯರ್‌ಫೋನ್ ನಿಲ್ಲಲ್ಲ."

"ಕೇಳಿಸುತ್ತಾ?"

"ಬೇಡದ್ದೆಲ್ಲ ಕೇಳಿಸುತ್ತೆ. ಬೆಳಿಗ್ಗೆ ಥಿಯೇಟರ್ ಹತ್ತಿರ ಕೇಳಿಸ್ಲಿಲ್ವಾ?" ಎಂದಳು. ಆಮೇಲೆ, ಕನ್ನಡಿಯಲ್ಲಿ ಅವನ ಮುಖ ನೋಡಲಾಗದೆ ಕೆಳಗೆ ನೋಡುತ್ತ ಹೇಳಿದಳು, "ನಮ್ಮ ಕಾಲದಲ್ಲಿ ಯಾರೂ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಲಿಲ್ಲ ಅಣ್ಣ. ಇವಳದು ಇಷ್ಟಾಗಲ್ಲ. ಆದ್ರೆ ಏನೂ ಆಗಲ್ಲ ಅಂತ ಮಾತ್ರ ನಾನು ಹೇಳಲಾರೆ. ತಪ್ಪಾಯ್ತು. ನಿಮಗೆ ಮೊದಲನೇ ದಿನಾನೇ ಹೇಳ್ಬೇಕಿತ್ತು."

ಅವನು ಅವಳ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ. "ನನ್ನ ಮಗಳನ್ನ ಕಳಿಸ್ತೀನಿ. ಆದ್ರೆ ಮುಚ್ಚಿಟ್ಕೊಂಡಿರೋರ ಹತ್ತಿರ ಕಳಿಸಲ್ಲ. ಇನ್ನು ಮೇಲೆ ಯಾವ ತಾಯಿತಂದೆ ಬಂದ್ರೂ ಮೊದಲು ನಿಮ್ಮ ಕಿವಿ ನೋಡ್ಲಿ, ಆಮೇಲೆ ಬೇಕಾದ್ರೆ ಸೇರಿಸ್ಲಿ. ಕತ್ತರಿಸ್ಲಾ?"

ಮೇಡಂ ಗಡಿಯಾರ ನೋಡಿದಳು. ನಾಲ್ಕೂ ಇಪ್ಪತ್ತು. "ಬೇಗ ಮುಗಿಸಿ," ಎಂದಳು.

ಕತ್ತರಿ ಕಿವಿಯ ಸುತ್ತ ಬಂದಾಗ ತಣ್ಣಗಾಯಿತು. ಕಪ್ಪು ಕೂದಲು ಬಿಳಿ ಬಟ್ಟೆಯ ಮೇಲೆ ಬಿದ್ದು ಜಾರಿ ನೆಲಕ್ಕೆ ಹೋಯಿತು. ಬೆಂಚಿನವರು ಪೇಪರಿನ ಮೇಲಿಂದ ಕಣ್ಣು ಹಾಯಿಸಿದರು, ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ. ಮುಗಿದಮೇಲೆ ಅಪ್ಪ ಚಿಕ್ಕ ಕನ್ನಡಿಯನ್ನು ಹಿಂದೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೋರಿಸಿದ, ಎಲ್ಲ ಗಿರಾಕಿಗಳಿಗೂ ತೋರಿಸುವ ಹಾಗೆ. ಅವಳು ನೋಡಿದಳು, ಈ ಸಲ ಕಣ್ಣು ಕೆಳಗೆ ಹಾಕಲಿಲ್ಲ.

ಆಮೇಲೆ ಅವನು ಕೈ ಒರೆಸಿಕೊಂಡು ಪೆನ್ನು ಹುಡುಕಿದ. ಗಾಯಗಳ ಸಾಲಿನಲ್ಲಿ "ಇಲ್ಲ" ಎಂಬುದನ್ನು ಗೀಚಿ ಹೊಡೆದು, ಪಕ್ಕದಲ್ಲಿ "ಎಡಗಿವಿ, ತಂದೆಗೆ ತಿಳಿದಿದೆ" ಎಂದು ದುಂಡಗೆ ಬರೆದ. ಅದರ ಕೆಳಗೆ ಸಹಿ ಹಾಕಿದ. ಮಸಿ ಆರಲೆಂದು ಊದಿದಾಗ ಅರ್ಜಿಗೆ ಅಂಟಿದ್ದ ಮೇಡಂನ ಎರಡು ಕೂದಲು ಹಾರಿದವು.

ಮೇಡಂ ಗುಬ್ಬಿಯ ಜೊತೆ ಕಚೇರಿಯ ಕಡೆ ಬಿರುಸಾಗಿ ನಡೆದಳು. ತಿರುವಿನಲ್ಲಿ, ಬೆಳಿಗ್ಗೆ ಪಾಪ್‌ಕಾರ್ನ್ ತಿನ್ನುತ್ತಿದ್ದ ದಪ್ಪ ಮನುಷ್ಯ ಇಬ್ಬರು ಹೆಣ್ಣುಮಕ್ಕಳೊಂದಿಗೆ ಎದುರಾದ. ಚಿಕ್ಕವಳು ಮೇಡಂನ ಕಿವಿಯನ್ನು ಬಾಯಿ ಬಿಟ್ಟುಕೊಂಡು ನೋಡಿದಳು. ಅಭ್ಯಾಸಬಲದಿಂದ ಮೇಡಂನ ಕೈ ಕೂದಲಿಗೆ ಹೋಯಿತು, ಅಲ್ಲಿ ಕೂದಲಿರಲಿಲ್ಲ.

"ಏನಾಯ್ತು ನಿಮ್ಮ ಕಿವಿಗೆ?" ಎಂದಳು ಹುಡುಗಿ.

"ಕುಸ್ತಿ ಆಡಿದ್ದು," ಎಂದಳು ಮೇಡಂ.

ಪಕ್ಕದಲ್ಲಿ ಗುಬ್ಬಿ ತನ್ನ ಕೂದಲನ್ನು ಎಡಗಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಳು.