ಗೋಡೆಯಿಂದ ಒಂದು ಗೇಣು

"ನನ್ ಹೆಸ್ರು ಇನ್ನೆಷ್ಟ್ ಸಲ ಬರೀತೀಯವ್ವಾ? ಇಷ್ಟೊತ್ತಿಗೆ ನಿನ್ ಕಂಪ್ಯೂಟ್ರಿಗೂ ಬಾಯಿಪಾಠ ಆಗಿರ್ಬೇಕಲ್ಲ!"

ಅಂಜಿನಮ್ಮನ ಮಾತಿಗೆ ಕಲ್ಪನಾ ನಗಲಿಲ್ಲ. ಜಗಳೂರು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅವಳ ಆನ್‌ಲೈನ್ ಅಂಗಡಿಯಲ್ಲಿ ಕಂಪ್ಯೂಟರ್ ಮೂರನೇ ಸಲ ತಾನಾಗಿಯೇ ಆರಿಹೋಗಿತ್ತು. ತನ್ನೂರು ಸೊಕ್ಕೆಯ ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅಂಜಿನಮ್ಮ ಅರ್ಜಿ ಹಾಕಬೇಕಿತ್ತು. ಇವತ್ತೇ ಕಡೇ ದಿನ, ಸಂಜೆ ಐದರವರೆಗೆ ಮಾತ್ರ. ಆಗಲೇ ನಾಲ್ಕೂಕಾಲು. ಆರಿದಾಗೆಲ್ಲ ತುಂಬಿದ್ದಷ್ಟೂ ಅಳಿಸಿಹೋಗಿ ಮತ್ತೆ ಹೆಸರಿನಿಂದಲೇ ಶುರು.

"ಕರೆಂಟ್ ಹೋತೇನೋ" ಎಂದ ಅಂಜಿನಮ್ಮನ ಗಂಡ ಮಾರಪ್ಪ.

"ತಲೆ ಮ್ಯಾಲೆ ಫ್ಯಾನ್ ತಿರುಗ್ತೈತೆ, ಕರೆಂಟ್ ಹೋತಂತೆ! ಸುಮ್ಕೆ ಕುಂತ್ಕೋ."

ಮಾರಪ್ಪ ಕೂರಲಿಲ್ಲ. ಇಪ್ಪತ್ತು ವರ್ಷದಿಂದ ಮೆಕ್ಕೆಜೋಳದ ಗೋಡೌನಿನಲ್ಲಿ ಹಮಾಲಿ ಅವನು. ಪರದೆಯ ಬೆನ್ನಲ್ಲೇ ಎಲ್ಲವನ್ನೂ ಅಡಗಿಸಿಕೊಂಡಿದ್ದ ಆ ಕಂಪ್ಯೂಟರನ್ನು ಕಲ್ಪನಾ ಟೀವಿಯ ಹಾಗೆ ಗೋಡೆಗೆ ಒತ್ತಿ ಇಟ್ಟಿದ್ದಳು. ಅದರ ನೆತ್ತಿಯ ಮೇಲೆ ಪ್ಲಾಸ್ಟಿಕ್ ಮಲ್ಲಿಗೆಯ ಹಾರ, ಅಡಿಯ ಸಂದಿಯಲ್ಲಿ ಖಾಲಿ ಫಾರಂಗಳ ಕಟ್ಟು. ಚೀಲಗಳ ನಡುವೆ ಕೈ ತೂರಿಸಿ ಕಾವು ನೋಡುವ ಅಭ್ಯಾಸದಂತೆ ಅವನು ಅದರ ಬೆನ್ನಿಗೆ ಬೆರಳು ತೂರಿಸಿ, ತಟ್ಟನೆ ಎಳೆದುಕೊಂಡ.

"ಹೆಂಚ್ ಕಾದಂಗೆ ಕಾದೈತಲ್ಲವ್ವಾ! ಗೋಡೆಗೆ ತಾಗ್ಸಿ ಯಾರ್ ಇಟ್ಟಿದ್ದು?"

"ನಾನೇ ಅಣ್ಣಾ. ಜಾಗ ಉಳೀಲಿ ಅಂತ."

"ನಮ್ ಗೋಡೌನಾಗೆ ಹಿಂಗೆ ಇಟ್ರೆ ಮೇಸ್ತ್ರಿ ಮನೀಗೆ ಓಡಿಸ್ತಾನೆ. ಗೋಡೆಯಿಂದ ಒಂದ್ ಗೇಣು ಬಿಡ್ಬೇಕು, ಅಡೀಗೆ ಗಾಳಿ ಆಡಾಕೆ ಹಲಗೆ ಕೊಡ್ಬೇಕು. ಇಲ್ಲಾಂದ್ರೆ ಜ್ವಾಳ ಒಳಗೇ ಕಾವು ಹಿಡೀತೈತೆ."

"ಅಣ್ಣಾ, ಇದು ಜೋಳ ಅಲ್ಲ!"

"ಅದು ಕಾವಿಗೆ ಗೊತ್ತಾಗ್ಬೇಕಲ್ಲ?"

ಕಲ್ಪನಾ ಬಗ್ಗಿ ನೋಡಿದಳು. ಅಡಿಯಲ್ಲಿ ಗಾಳಿ ಒಳಗೆ ಬರುವ ತೂತುಗಳ ಸಾಲು, ನೆತ್ತಿಯಲ್ಲಿ ಬಿಸಿ ಹೊರಗೆ ಹೋಗುವ ಜಾಲರಿ. ಒಂದಕ್ಕೆ ಫಾರಂ, ಇನ್ನೊಂದಕ್ಕೆ ಮಲ್ಲಿಗೆ! ಒಳಗಿನ ಪುಟ್ಟ ಫ್ಯಾನು ತಾನು ಬಿಟ್ಟ ಬಿಸಿ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಅವಳು ಪ್ಲಗ್ ಕಿತ್ತು, ಕಟ್ಟು ಎಳೆದು, ಹಾರ ತೆಗೆದು, ಬ್ರಷ್ಷಿನಿಂದ ತೂತುಗಳ ಧೂಳು ಕೊಡವಿದಳು. ಮಾರಪ್ಪ ಕಂಪ್ಯೂಟರನ್ನು ಕೂಸಿನ ಹಾಗೆ ಎತ್ತಿ ಮುಂದಿಟ್ಟ. ಕಲ್ಪನಾ ಗೇಣು ಹಾಕಿ ಅಳೆದಳು.

"ನಿನ್ ಗೇಣಲ್ಲವ್ವಾ, ಹಮಾಲಿ ಗೇಣು" ಎಂದು ಅವನು ಇನ್ನಷ್ಟು ಎಳೆದ.

ಬಿಸಿ ಆರಲೆಂದು ಹತ್ತು ನಿಮಿಷ ಕಾಯಬೇಕಾಯಿತು. ಅಂಜಿನಮ್ಮ ತನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದಲೇ ಅದರ ಬೆನ್ನಿಗೆ ಗಾಳಿ ಹಾಕಿದಳು. ನಾಲ್ಕನೇ ಸಲ ಹೆಸರು, ಊರು, ಫೋಟೊ. ಈ ಸಲ ಪರದೆ ಆರಲಿಲ್ಲ. ಐದಕ್ಕೆ ಆರು ನಿಮಿಷವಿದ್ದಾಗ ಅರ್ಜಿ ಹೋಯಿತು. ಪ್ರಿಂಟರ್ ರಸೀದಿ ಉಗುಳಿತು.

"ಚೀಲ ಹೊರಾಕಷ್ಟೇ ಲಾಯಕ್ಕು ಅನ್ಕೊಂಡಿದ್ದೆ ನಿನ್ನ" ಎಂದಳು ಅಂಜಿನಮ್ಮ, ರಸೀದಿ ಮಡಚುತ್ತಾ.

"ಇವತ್ತಾದ್ರೂ ಗೊತ್ತಾತಲ್ಲ."

"ಬಾಳ ಹಿಗ್ಬೇಡ. ಕೆಲ್ಸ ಸಿಗ್ಲಿ, ಆಮ್ಯಾಲೆ ಹೊಗಳ್ತೀನಿ."

ಗಂಡ ಹೆಂಡತಿ ಬಸ್ಸಿಗೆ ಓಡಿದರು. ಕಲ್ಪನಾ ರೂಢಿಯಂತೆ ಹಾರವನ್ನು ಕಂಪ್ಯೂಟರಿನ ನೆತ್ತಿಗೆ ಒಯ್ದವಳು, ಕೈ ತಡೆದು, ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿದಳು. ಜಾಲರಿಯಿಂದ ಎದ್ದ ಬಿಸಿಗಾಳಿಗೆ ಪ್ಲಾಸ್ಟಿಕ್ ಮಲ್ಲಿಗೆಯ ತುದಿ ಮೆಲ್ಲಗೆ ಅಲ್ಲಾಡತೊಡಗಿತು.