ಅತ್ತೆಯ ಕಾರಿನ ಎಡಗಣ್ಣು

ನನ್ನ ಅತ್ತೆ ನಾನಾಯ್ ಚೋಲೆಂಗ್ (ನಾನಾಯ್ ಅಂದರೆ ನಮ್ಮಲ್ಲಿ ಅಮ್ಮ) ಅವರಿಗೆ ಈ ಲೋಕದಲ್ಲಿ ಎರಡರ ಮೇಲೆ ಮಾತ್ರ ನಂಬಿಕೆ: ಚರ್ಚಿನಿಂದ ತರುವ ತೀರ್ಥ ಮತ್ತು ತಮ್ಮ ಅಡುಗೆಮನೆಯ ಓವನ್. ಅಳಿಯನ ಹೆಸರು ಆ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ.

ಅಳಿಯ ಅಂದರೆ ನಾನೇ, ಕ್ರಿಸಾಂತೋ. ಲೀಪಾ ಪಟ್ಟಣದಲ್ಲಿ ಕಾರುಗಳ ಹೆಡ್‌ಲೈಟ್ ರಿಪೇರಿ ಮಾಡುವವನು. ನೀರು ಕುಡಿದ ಹೆಡ್‌ಲೈಟನ್ನು ಓವನ್ನಿನಲ್ಲಿ ಹತ್ತು ನಿಮಿಷ ಬಿಸಿ ಮಾಡಿ, ಅಂಟು ಮೆತ್ತಗಾದ ಮೇಲೆ ಮುಂದಿನ ಗಾಜು ಬಿಡಿಸಿ, ಒಳಗೆಲ್ಲ ಒಣಗಿಸಿ, ಸುತ್ತ ಹೊಸ ಕಪ್ಪು ಅಂಟಿನ ಹುರಿ ಕೂರಿಸಿ ಮುಚ್ಚುತ್ತೇನೆ. ಓವನ್ ಅತ್ತೆಯದು. ಅದರಲ್ಲಿ ಅವರು ಬೆಣ್ಣೆ ಬನ್ನು ಸುಟ್ಟು ಮಾರುತ್ತಾರೆ. “ನನ್ನ ಬನ್ನಿಗೆ ಟೈರಿನ ವಾಸನೆ” ಎಂದು ನನಗೆ ದಿನವೂ ಮಂಗಳಾರತಿ. ನನ್ನ ಅಂಗಡಿ ಹನ್ನೊಂದು ವರ್ಷದಿಂದ ಮಾವಿನ ಮರದ ಕೆಳಗೇ ಇತ್ತು. ಮಳೆ ಬಂದರೆ ಅಂಗಡಿ ಬಂದ್.

ಅತ್ತೆಯ ಮನೆಯ ಮುಂದೆ, ಹೆದ್ದಾರಿಗೆ ಮುಖ ಮಾಡಿ ಒಂದು ಶೆಡ್ ಖಾಲಿ ಇತ್ತು. ಅದರ ಮೇಲೆ ನನಗೂ ಕಣ್ಣು, ಕೋಳಿ ಕರಿದು ಮಾರುವ ಬೆರ್ನಾಬೆಗೂ ಕಣ್ಣು. ಅಷ್ಟರಲ್ಲಿ ನನ್ನ ಹೆಂಡತಿ ಪೆರ್ಲಿತಾಗೆ ಡ್ರೈವಿಂಗ್ ಲೈಸೆನ್ಸ್ ಬಂತು. ಗುರುವಾರ ಅತ್ತೆ ನನ್ನನ್ನು ಮಾವನ ಕಾಲದ ಬಿಳಿ ಕಾರಿನ ಮುಂದೆ ನಿಲ್ಲಿಸಿದರು. ಅದರ ಎಡ ಹೆಡ್‌ಲೈಟಿನಲ್ಲಿ ಮೀನು ಸಾಕುವಷ್ಟು ನೀರು.

“ಇನ್ಮೇಲೆ ಇದನ್ನ ಪೆರ್ಲಿತಾ ಓಡಿಸ್ತಾಳೆ. ಭಾನುವಾರ ಚರ್ಚಿನ ಪೂಜೆಗೆ ಹೊರಡೋವಾಗ ಒಳಗೆ ಒಂದು ಹನಿ ಕಂಡ್ರೂ ಶೆಡ್ಡು ಬೆರ್ನಾಬೆಗೆ. ಅವನು ಕೋಳೀನಾದ್ರೂ ನೆಟ್ಟಗೆ ಕರೀತಾನೆ.”

“ಹನಿ ಕಂಡ್ರೆ ನಾನೇ ಹೋಗಿ ಅವನ ಕೋಳಿಗಳ ಪುಕ್ಕ ಕೀಳ್ತೀನಿ, ನಾನಾಯ್!” ಅಂದೆ. ಬಾಯಿ ತೆರೆದರೆ ಬರೀ ಜಂಭ, ನನ್ನ ಹಣೆಬರಹ.

ಅವತ್ತೇ ಬಿಚ್ಚಿದೆ, ಒಣಗಿಸಿದೆ, ಊಟ ಮಾಡಿ ಬಂದು, ಒಣಗಿದೆಯಲ್ಲ ಎಂದು ಒಳಗೆ ನೋಡದೆ ಮುಚ್ಚಿದೆ. ಶುಕ್ರವಾರ ಬಿಸಿಲೇರುತ್ತಿದ್ದಂತೆ ಗಾಜಿನ ಒಳಗೆ ಮಂಜು ಕಟ್ಟಿತು. ಪೈಪಿನಿಂದ ಅರ್ಧ ಗಂಟೆ ನೀರು ಹೊಡೆದು ನೋಡಿದೆ, ಎಲ್ಲೂ ಸೋರಲಿಲ್ಲ. ಗಾಳಿಯಾಡುವ ರಂಧ್ರವೂ ಸರಿ ಇತ್ತು. ಮತ್ತೆ ಬಿಚ್ಚಿದೆ, ಊಟಕ್ಕೆ ಹೋದೆ, ಬಂದು ಹಾಗೇ ಎರಡು ಸುತ್ತು ಅಂಟು ಹಾಕಿ ಮುಚ್ಚಿದೆ. ಶನಿವಾರ ಬೆಳಿಗ್ಗೆ ಮಂಜಲ್ಲ, ಹನಿಗಳೇ ಸಾಲಾಗಿ ಕೂತಿದ್ದವು.

ಈ ಹನಿಗಳ ಜೊತೆ ನನ್ನ ಜಂಭದ ಸುದ್ದಿಯೂ ಮುಟ್ಟಿದ ಕೂಡಲೇ ಬೆರ್ನಾಬೆ ಕೋಳಿ ಕಾಲು ಕಚ್ಚುತ್ತಾ ಹಾಜರಾದ.

“ಸೋಮವಾರ ಬೆಳಿಗ್ಗೆ ಐದಕ್ಕೆ ಬಂದ್ಬಿಡಪ್ಪ. ಪುಕ್ಕ ಕೀಳೋಕೆ ಬಿಸಿನೀರು ನಾನೇ ಕಾಯಿಸಿರ್ತೀನಿ.”

ಅವನನ್ನು ಅಟ್ಟಿ ಮೂರನೇ ಸಲ ಬಿಚ್ಚಿದೆ. ಎಂದಿನಂತೆ ಅಡುಗೆಮನೆಯ ಮೇಜಿನ ಮೇಲಿಟ್ಟು ಊಟಕ್ಕೆ ಹೊರಟವನು ಸಿಗರೇಟು ಮರೆತೆನೆಂದು ವಾಪಸು ಬಂದೆ.

ಮೇಜಿನ ಮುಂದೆ ಅತ್ತೆ. ಕೈಯಲ್ಲಿ ಮೇರಿ ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ. ಮಾತೆಯ ನೀಲಿ ಕಿರೀಟ ತಿರುಗಿಸಿ ತೆಗೆದು, ನನ್ನ ಒಣಗಿದ ಹೆಡ್‌ಲೈಟಿನೊಳಗೆ ಧಾರಾಳವಾಗಿ ತೀರ್ಥ ಚಿಮುಕಿಸುತ್ತಿದ್ದರು.

“ಅಯ್ಯೋ! ಏನ್ಮಾಡ್ತಿದೀರಿ?”

“ಕಣ್ಣು ಕಾಣ್ಸಲ್ವಾ? ತೀರ್ಥ ಹಾಕ್ತಿದೀನಿ.”

“ಎಷ್ಟು ಸಲ ಹಾಕಿದ್ರಿ?”

“ನೀನು ಎಷ್ಟು ಸಲ ಬಿಚ್ಚಿದ್ಯೋ ಅಷ್ಟು ಸಲ. ಬಿಚ್ಚಿದ್ರೆ ಆಶೀರ್ವಾದ ಹೊರಗೆ ಹೋಗಲ್ವಾ?”

ನನಗೆ ನೆತ್ತಿಗೇರಿತು. “ನೀರು ಹೊಯ್ಯೋರೂ ನೀವೇ, ನೀರಿದೆ ಅಂತ ಶೆಡ್ಡು ಕಿತ್ಕೊಳ್ಳೋರೂ ನೀವೇನಾ? ಊರಿಗೆಲ್ಲ ಉಪಕಾರಿ, ಅಳಿಯನಿಗೆ ಮಾರಿ!” ಎಂದು ಕೂಗಾಡಿದೆ.

ಅತ್ತೆ ಕುರ್ಚಿ ಎಳೆದು ಕೂತರು.

“ಕಾರು ತಂದ ದಿನ ಪಾದ್ರಿ ಬಾನೆಟ್ಟಿಗೆ ಹಾಕಿದ್ರು, ಚಕ್ರಕ್ಕೆ ಹಾಕಿದ್ರು, ನಿನ್ನ ಮಾವನ ಬೋಳುತಲೆಗೂ ಹಾಕಿದ್ರು. ಇದರೊಳಗೆ ಯಾರೂ ಹಾಕ್ಲಿಲ್ಲ. ಆಮೇಲೊಂದು ರಾತ್ರಿ ಮಳೇಲಿ ದೀಪ ಮಂಜಾಗಿ, ತಿರುವೇ ಕಾಣದೆ ಅವರು ಕಾಲುವೆಗೆ ಬಿದ್ದು ತೀರ್ಕೊಂಡ್ರು. ಈಗ ಮಗಳು ಓಡಿಸ್ತಾಳೆ.”

ಮಾವ ಕುಡಿದು ಕಾಲುವೆಗೆ ಬಿದ್ದ ಅಂತ ಊರು ಆಡಿಕೊಂಡಿತ್ತು. ನಾನೂ ಆಡಿಕೊಂಡಿದ್ದೆ. ನಾಚಿಕೆಯಾಯಿತು. ಸಿಗರೇಟು ಜೇಬಿಗೆ ಹಾಕಿಕೊಂಡು ಅವರ ಎದುರು ಕೂತೆ.

“ಹಾಕಿ ನಾನಾಯ್. ಮೂಲೆ ಮೂಲೆಗೂ ಹಾಕಿ. ಆಮೇಲೆ ಓವನ್ನಿಗಿಟ್ಟು ಒಣಗಿಸ್ತೀನಿ.”

“ಒಣಗಿದ್ರೆ ಆಶೀರ್ವಾದಾನೂ ಆವಿಯಾಗಲ್ವೇನೋ?”

“ನಾನು ಹುಟ್ಟಿದಾಗ ಪಾದ್ರಿ ನನ್ನ ತಲೆ ಮೇಲೂ ನೀರು ಹೊಯ್ದಿದ್ರು. ಅದು ಅವತ್ತೇ ಒಣಗ್ತು. ಹಾಗಂತ ನಾನು ಕ್ರೈಸ್ತ ಅಲ್ವಾ?”

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ನಿನ್ನ ವಿಷಯದಲ್ಲಿ ನಂಗೆ ಮೊದಲಿಂದಲೂ ಅನುಮಾನಾನೇ.”

ಆದರೂ ಬಾಟಲಿ ಖಾಲಿಯಾಗುವ ತನಕ ಚಿಮುಕಿಸಿ, ಮಾತೆಗೆ ಕಿರೀಟ ತೊಡಿಸಿದರು. ಆಮೇಲೆ ಓವನ್ನಿನಲ್ಲಿದ್ದ ತಮ್ಮ ಬನ್ನಿನ ತಟ್ಟೆಯನ್ನು, ಇನ್ನೂ ಅರೆಬೆಂದಿದ್ದನ್ನು, ಹೊರಗೆಳೆದು ನನಗೆ ಜಾಗ ಬಿಟ್ಟರು.

“ಉರಿ ಸಣ್ಣಗಿಡು. ಬೆಂದುಹೋದೀತು,” ಅಂದರು. ಮಾವನ ಹೆಡ್‌ಲೈಟನ್ನು ತಟ್ಟೆ ಸಮೇತ ತಾವೇ ಒಳಗಿಟ್ಟು, ಅದು ಒಣಗುವವರೆಗೂ ಓವನ್ನಿನ ಬಾಗಿಲ ಮುಂದಿನಿಂದ ಕದಲಲಿಲ್ಲ.